ತಡಿಯಂಡಮೋಳ್ ಏರಿನಲ್ಲಿ ಸೋತ ಕಾಲು

ಕಳೆದ ಜನವರಿಯಲ್ಲಿ ಅಣ್ಣನ ಮಗನೊಂದಿಗೆ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಲು ಹೋಗಿದ್ದೆ. ಅನ್ನ, ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು, ಅಕ್ಕಿರೊಟ್ಟಿಗಳನ್ನು ಬಿಟ್ಟು ಅವನಿಗೆ ಹತ್ತು ದಿನಗಳಾಗಿದ್ದವು. ಮೊದಲ ಐದೇ ದಿನಗಳಲ್ಲಿ ಎರಡು ಕಿಲೋ ಇಳಿದೆನೆಂದು ನೆಂಟರಿಗೆಲ್ಲ ಹೇಳಿಕೊಂಡಿದ್ದ. ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಟಾಗ ನನಗಿಂತ ಬಹಳ ಮುಂದಿದ್ದವನು, ಕೊನೆಯ ಕಡಿದಾದ ಏರಿನಲ್ಲಿ ಬಂಡೆಯೊಂದರ ಮೇಲೆ ಕುಳಿತುಬಿಟ್ಟ. "ಉಸಿರು ಸರಿಯಾಗಿದೆ ಚಿಕ್ಕಪ್ಪ, ಕಾಲೇ ಏಳುತ್ತಿಲ್ಲ. ಮೈಯಲ್ಲಿ ಇಷ್ಟು ಕೊಬ್ಬಿದೆಯಲ್ಲ, ಅದೇಕೆ ಕೆಲಸಕ್ಕೆ ಬರುವುದಿಲ್ಲ?" ಎಂದು ಕೇಳಿದ. ಜೀವಶಾಸ್ತ್ರ ಪಾಠ ಮಾಡಿಕೊಂಡು ಬಂದ ನನಗೆ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಎದುರಾದ ನೆನಪಿಲ್ಲ.

ಕೊಬ್ಬು ಕೆಲಸಕ್ಕೆ ಬರುತ್ತದೆ, ಆದರೆ ನಿಧಾನವಾಗಿ. ಸಮತಟ್ಟು ದಾರಿಯಲ್ಲಿ ಅದು ಸಾಕಾಗುತ್ತದೆ. ಏರಿನಲ್ಲಿ ಸ್ನಾಯು ಕೇಳುವ ವೇಗಕ್ಕೆ ಶಕ್ತಿಯನ್ನು ಒದಗಿಸಬಲ್ಲದ್ದು ಗ್ಲೈಕೋಜನ್, ಅಂದರೆ ಅನ್ನ ರೊಟ್ಟಿಗಳಂಥ ಊಟದಿಂದ ಬಂದ ಗ್ಲೂಕೋಸ್ ಕಣಗಳನ್ನು ಪೋಣಿಸಿ ಕಟ್ಟಿದ ದಾಸ್ತಾನು. ಗ್ಲೈಕೋಜೆನಿನ್ ಎಂಬ ಪ್ರೋಟೀನಿನ ಸುತ್ತ ಗ್ಲೂಕೋಸಿನ ಸರಗಳು ಬೆಳೆದು, ಎಂಟು ಹತ್ತು ಕಣಗಳಿಗೊಂದರಂತೆ ಕವಲೊಡೆಯುತ್ತವೆ. ಹಾಗಾಗಿ ತುದಿಗಳು ಅಸಂಖ್ಯ. ಫಾಸ್ಫೊರಿಲೇಸ್ ಎಂಬ ಕಿಣ್ವ ಕತ್ತರಿಸುವುದು ತುದಿಯಿಂದಲೇ ಆದುದರಿಂದ, ತುದಿಗಳು ಹೆಚ್ಚಿದ್ದಷ್ಟೂ ಬಿಡುಗಡೆ ಬೇಗ. ಈ ಕಿಣ್ವದ ಕೆಲಸವನ್ನು ಬಿಡಿಸಿಟ್ಟ ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು.

ಆದರೆ ಈ ದಾಸ್ತಾನು ಬಹಳ ಚಿಕ್ಕದು. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಎಲ್ಲ ಸ್ನಾಯುಗಳಲ್ಲಿ ಸೇರಿ ಸುಮಾರು 400 ಗ್ರಾಂ. ಇವೆರಡರ ಸ್ವಭಾವವೂ ಬೇರೆ. ಯಕೃತ್ತಿನದು ಇಡೀ ಮನೆಗೆ ತೆರೆದ ಕಣಜ: ಊಟವಿಲ್ಲದ ರಾತ್ರಿಯಲ್ಲಿ ಗ್ಲುಕಗಾನ್ ಹಾರ್ಮೋನಿನ ಕರೆಗೆ ಓಗೊಟ್ಟು, ಅದು ಮುಖ್ಯವಾಗಿ ಮೆದುಳಿಗಾಗಿ ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಒಂದು ದಿನದ ಉಪವಾಸಕ್ಕೆ ಆ ಕಣಜ ಬಹುಮಟ್ಟಿಗೆ ಬರಿದಾಗುತ್ತದೆ. ಸ್ನಾಯುವಿನದೋ ಪಕ್ಕಾ ಜಿಪುಣತನ. ಗ್ಲೂಕೋಸನ್ನು ರಕ್ತಕ್ಕೆ ದಾಟಿಸಲು ಬೇಕಾದ ಕೊನೆಯ ಕಿಣ್ವವೇ ಅದರಲ್ಲಿಲ್ಲ. ತೋಳಿನಲ್ಲಿ ಎಷ್ಟೇ ತುಂಬಿದ್ದರೂ, ತೊಡೆ ಸೋತು ಕೂತಾಗ ಅದು ನೇರವಾಗಿ ಸಾಲ ಕೊಡುವಂತಿಲ್ಲ.

1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ತಮ್ಮ ಮೇಲೆಯೇ ಇದಕ್ಕೆ ಸಂಬಂಧಿಸಿದ ಪ್ರಯೋಗವೊಂದನ್ನು ಮಾಡಿಕೊಂಡರು. ಇಬ್ಬರೂ ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು, ಒಂದೊಂದೇ ಕಾಲಿನಿಂದ ದಣಿಯುವವರೆಗೆ ತುಳಿದು, ಆಮೇಲೆ ಕೆಲವು ದಿನ ಪಿಷ್ಟ ಸಕ್ಕರೆಗಳೇ ಹೆಚ್ಚಿರುವ ಆಹಾರ ತಿಂದು, ತೊಡೆಗೆ ಸೂಜಿ ಚುಚ್ಚಿಸಿಕೊಂಡು ಸ್ನಾಯುವಿನ ಚೂರುಗಳನ್ನು ಪರೀಕ್ಷಿಸಿದರು. ದುಡಿದ ಕಾಲಿನಲ್ಲಿ ಸುಮ್ಮನಿದ್ದ ಕಾಲಿಗಿಂತ ಸುಮಾರು ಎರಡು ಪಟ್ಟು ಗ್ಲೈಕೋಜನ್ ತುಂಬಿತ್ತು. ರಕ್ತ ಒಂದೇ, ಊಟ ಒಂದೇ. ತುಂಬಿಕೊಂಡದ್ದು ಮಾತ್ರ ಬೆವರು ಸುರಿಸಿದ ಕಾಲು.

ನನ್ನ ತಕರಾರು ಅನ್ನ ಬಿಡುವುದರ ಬಗ್ಗೆ ಅಲ್ಲ. ದಿನವಿಡೀ ಕುರ್ಚಿಯಲ್ಲಿ ಕೂರುವವರು ಅನ್ನ ಕಡಿಮೆ ಮಾಡಿದರೆ ಒಳ್ಳೆಯದೇ, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಮಾಡಬೇಕು. ತಕರಾರಿರುವುದು ತೂಕದ ಯಂತ್ರವನ್ನು ನಂಬಿ ಮೊದಲ ವಾರ ಹೇಳಿಕೊಳ್ಳುವ ಜಂಬದ ಮೇಲೆ. ಒಂದು ಗ್ರಾಂ ಗ್ಲೈಕೋಜನ್ನಿನ ಜೊತೆ ಸುಮಾರು ಮೂರು ಗ್ರಾಂ ನೀರು ಕಟ್ಟಿಕೊಂಡಿರುತ್ತದೆ. ಅರ್ಧ ಕಿಲೋ ದಾಸ್ತಾನು ಪೂರ್ತಿ ಖಾಲಿಯಾದರೆ ಒಟ್ಟು ಎರಡು ಕಿಲೋ ಇಳಿಯುತ್ತದೆ, ಅದರಲ್ಲಿ ಹನಿಯಷ್ಟೂ ಕೊಬ್ಬಿಲ್ಲ. ಜಾಲತಾಣಗಳಲ್ಲಿ ಹತ್ತು ದಿನದ ಪವಾಡಗಳನ್ನು ಮಾರುವವರು ಈ ಸಣ್ಣ ಲೆಕ್ಕವನ್ನು ಹೇಳುವುದನ್ನು ನಾನಂತೂ ಕಂಡಿಲ್ಲ.

ಅಂದು ಎರಡು ಬಾಳೆಹಣ್ಣು ತಿನ್ನಿಸಿ, ಅರ್ಧ ಗಂಟೆ ಕೂರಿಸಿ, ತುದಿ ಮುಟ್ಟದೆಯೇ ಅವನನ್ನು ಇಳಿಸಿಕೊಂಡು ಬಂದೆ. ಮನೆಯಲ್ಲಿ ಅತ್ತಿಗೆ ಬಡಿಸಿದ ಕಡಂಬುಟ್ಟನ್ನು ಅವನು ಎಣಿಸದೆ ತಿಂದ. ನಾಲ್ಕನೆಯ ದಿನ ಫೋನ್ ಮಾಡಿ, "ಒಂದೂವರೆ ಕಿಲೋ ವಾಪಸ್ ಬಂತು ಚಿಕ್ಕಪ್ಪ, ಎಲ್ಲಾ ಹಾಳಾಯಿತು" ಎಂದು ಗೋಳಾಡಿದ. ಬಂದದ್ದರಲ್ಲಿ ಹೆಚ್ಚಿನದು ನೀರು ಕಣೋ, ಕಾಲಿನ ಕಣಜ ತುಂಬಿದೆ, ಈ ಭಾನುವಾರ ಮತ್ತೆ ಹತ್ತೋಣ ಎಂದೆ.