ಬೆಳಕು ಸಿಕ್ಕಿತು, ಭಾವ ಸಿಗಲಿಲ್ಲ

ನನ್ನ ಹಳೆಯ ಫಿಲ್ಮ್ ಕ್ಯಾಮೆರಾದ ಮೀಟರ್ ಕೈಕೊಟ್ಟ ಮೇಲೆ ಬೆಳಕು ಅಳೆಯುವ ಕೆಲಸ ಫೋನಿನ ಪಾಲಿಗೆ ಬಂದಿದೆ. ಆ್ಯಪ್ ಉಚಿತ. ಉಚಿತವಾದ್ದರಿಂದ, ಮೋಡ ಸರಿದು ಬಿಸಿಲು ಮೂಡಿದ ಕ್ಷಣಕ್ಕೇ ಪರದೆಯ ತುಂಬ ಜಾಹೀರಾತು. ಅದನ್ನು ಮುಚ್ಚುವ ಗುರುತು ಹುಡುಕುವಷ್ಟರಲ್ಲಿ ಸೂರ್ಯ ಮತ್ತೆ ಮೋಡದೊಳಗೆ. ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ನಮ್ಮ ಭಾವನವರ ನಗು.

ಭಾವನವರ ಪಾಲಿಗೆ ಫೋಟೋ ತೆಗೆಯುವುದು ಫೋನ್ ಮಾತ್ರ. ಬೆಳಕು ನೋಡಲೆಂದು ಅದನ್ನು ಅವರತ್ತ ಹಿಡಿದೊಡನೆ ಹೊಟ್ಟೆ ಒಳಗೆ ಹೋಗುತ್ತದೆ, ಗದ್ದ ಮೇಲೇರುತ್ತದೆ, ಅಪರೂಪಕ್ಕೆ ಹೊರಬರುವ ಆ ನಗು ಅರಳುತ್ತದೆ. ಫಿಲ್ಮಿನ ಮೇಲೆ ಬೀಳಬೇಕಾದದ್ದೇ ಅದು!

"ಭಾವ, ಫೋಟೋ ಅಲ್ಲ, ಬೆಳಕು ಅಳೆಯುತ್ತಿದ್ದೇನೆ."

"ಅಳೆಯಪ್ಪ, ಅಳೆ" ಎನ್ನುತ್ತಾರೆ, ತುಟಿ ಅಲುಗಿಸದೆ.

ಅವರ ಬಿಳಿ ಅಂಗಿಯನ್ನು ಕಂಡ ಆ್ಯಪ್, ಲೆನ್ಸಿನ ಕಿಂಡಿ ಎಫ್ 8 ಆದರೆ ಶಟರ್ 1/500 ಸೆಕೆಂಡು ಎನ್ನುತ್ತದೆ. ಕೈ ತುಸು ಕೆಳಗಿಳಿದು ಕಪ್ಪು ಪ್ಯಾಂಟು ಸಿಕ್ಕಿತೋ, 1/60. ಒಬ್ಬರೇ ಮನುಷ್ಯರು, ನಿಂತದ್ದು ಒಂದೇ ನೆರಳಿನಲ್ಲಿ, ಸೊಂಟದ ಮೇಲಕ್ಕೂ ಕೆಳಕ್ಕೂ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಕಿನ ಅಂತರ! ಮೀಟರಿಗೆ ಜಗತ್ತೆಲ್ಲ ಬೂದು. ಬಿಳಿಯನ್ನೂ ಕಪ್ಪನ್ನೂ ಅದೇ ಬೂದಿಗೆ ಎಳೆಯುವುದು ಅದರ ಲೆಕ್ಕ. ಮುಖದ ಬೆಳಕು ಬೇಕೆಂದು ಹತ್ತಿರ ಹೋದರೆ ಭಾವನವರು ಕ್ಲೋಸಪ್ ಎಂದುಕೊಂಡು ಮೀಸೆ ತೀಡಿಕೊಳ್ಳುತ್ತಾರೆ.

ಅಂತೂ 1/125 ಸಿಗುತ್ತದೆ. ಫೋನನ್ನು ಜೇಬಿಗೆ ಹಾಕಿ, ಶಟರ್ ತಿರುಗಿಸಿ, ಫೋಕಸ್ ಹಿಡಿದು ನೋಡಿದರೆ ಗೋಡೆ. ಭಾವನವರು ಒಳಗೆ ಪೇಪರ್ ಓದುತ್ತಿದ್ದಾರೆ. "ಆಯಿತಲ್ಲ ಆಗಲೇ!" ಕಾಡಿಬೇಡಿ ಮತ್ತೆ ಕರೆತಂದರೆ ಮುಖದಲ್ಲಿ ಗುರುತಿನ ಚೀಟಿಯ ಕಳೆ. ಇವರನ್ನು ಹುರಿದುಂಬಿಸಲು ಫೋನ್ ತೆಗೆಯಬೇಕು, ತೆಗೆದರೆ ಮತ್ತೆ ಅದೇ ಕಥೆ.

ನಾನು ಚಿಕ್ಕವನಿದ್ದಾಗ ಮನೆಗೆ ಬರುತ್ತಿದ್ದ ಫೋಟೋಗ್ರಾಫರ್ ನೆಲದ ಮೇಲಿನ ನೆರಳನ್ನಷ್ಟೇ ನೋಡುತ್ತಿದ್ದರು. ಅಂಚು ಚೂಪಾಗಿದ್ದರೆ ಎಫ್ 16, ಮಸುಕಾಗಿದ್ದರೆ 11, ನೆರಳೇ ಬೀಳದಿದ್ದರೆ 8. ಶಟರ್ ವೇಗ, ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂದು ಹೇಳುವ ಐಎಸ್‌ಒ ಸಂಖ್ಯೆಗೆ ಹತ್ತಿರದ್ದು, ಅಂದರೆ 100ರ ಫಿಲ್ಮಿಗೆ 1/125. ಫಿಲ್ಮ್ ಕಂಪನಿಯವರು ಫಿಲ್ಮಿನ ಜೊತೆಗೇ ಸೂರ್ಯ, ಮೋಡಗಳ ಚಿತ್ರವಿರುವ ಪಟ್ಟಿಯನ್ನೂ ಅಚ್ಚುಹಾಕಿ ಕೊಡುತ್ತಿದ್ದರು. ಅಮ್ಮ ಏನೋ ಹೇಳಿ ನಗುತ್ತಿರುವಾಗಲೇ ಫೋಟೋಗ್ರಾಫರ್ ಒತ್ತಿಬಿಡುತ್ತಿದ್ದರು. ಆ ಫೋಟೋದಲ್ಲಿ ಅಮ್ಮನ ಮಾತು ಇನ್ನೂ ಮುಗಿದಿಲ್ಲ.

ಮೊನ್ನೆ ಫಿಲ್ಮ್ ತೊಳೆದು ಬಂತು. ಎಕ್ಸ್‌ಪೋಷರ್ ಏನೋ ನಿಖರ; ಅಂಗಿಯ ಇಸ್ತ್ರಿ ಗೆರೆಯೂ ಕಾಣುತ್ತದೆ. ಭಾವನವರು ನೋಡಿ ವಾಪಸು ಕೊಟ್ಟರು. "ಇದು ಬೇಡ. ಮೊದಲು ಫೋನಿನಲ್ಲಿ ತೆಗೆದೆಯಲ್ಲ, ಅದನ್ನು ಕಳಿಸು." ಆ ಆ್ಯಪ್ ಚಿತ್ರವನ್ನೇ ಉಳಿಸುವುದಿಲ್ಲವೆಂದರೆ ನಂಬಬೇಕಲ್ಲ! ನಿನ್ನ ತಮ್ಮ ಒಳ್ಳೆಯ ಫೋಟೋವನ್ನು ಬಚ್ಚಿಟ್ಟುಕೊಂಡಿದ್ದಾನೆ ಎಂದು ಅಕ್ಕನಿಗೆ ದೂರು ಹೋಗಿದೆ. ಬೆಳಿಗ್ಗೆಯಿಂದ ಅಕ್ಕ ಕರೆ ಮಾಡುತ್ತಲೇ ಇದ್ದಾಳೆ.