ತಿಪ್ಪೆಯ ಮೇಲೊಂದು ಚರ್ಚು

"ಅಮ್ಮಾ, ನಾಳೆ ಬೆಟ್ಟ ಹತ್ತೋಣ" ಅಂದಳು ಮಗಳು. ನಾನು ನೆದರ್ಲೆಂಡ್ಸಿಗೆ ಬಂದು ಮೂರು ವಾರವಾಗಿತ್ತು. ಅಷ್ಟು ದಿನದಲ್ಲಿ ನಾನು ಹತ್ತಿದ ಅತಿ ಕಡಿದಾದ ಜಾಗ ಅಂದರೆ ಅವಳ ಮನೆಯ ಮೆಟ್ಟಿಲು. ತೀರ್ಥಹಳ್ಳಿ ಕಡೆಯವಳಾದ ನನಗೆ ಬೆಟ್ಟ ಅಂದ ಕೂಡಲೇ ಜೀವ ಬಂತು. ಎಷ್ಟು ಎತ್ತರ ಇದೆ ಅಂತ ಕೇಳಿದೆ.

"ಎಂಟು ಮುಕ್ಕಾಲು."

"ನೂರು ಅಡಿಯಾ?"

"ಮೀಟರು."

ನಮ್ಮ ಹಿತ್ತಲಿನ ಅಡಿಕೆ ಮರ ಇದಕ್ಕಿಂತ ಎತ್ತರ. ಆದರೂ ಹೋದೆವು. ಮಗಳ ಊರು ದಕ್ಷಿಣದ ತುದಿ. ಅಲ್ಲಿಂದ ಉತ್ತರಕ್ಕೆ ಮೂರು ಗಂಟೆ ದಾರಿ. ಫ್ರೀಸ್‌ಲಾಂಡ್ ಪ್ರಾಂತ್ಯ ಶುರುವಾದ ಮೇಲೆ ಊರಿನ ಬೋರ್ಡುಗಳಲ್ಲಿ ಎರಡೆರಡು ಹೆಸರು. ಅಲ್ಲಿನವರಿಗೆ ತಮ್ಮದೇ ಭಾಷೆ ಇದೆ, ಡಚ್ ಅಲ್ಲ, ಫ್ರೀಸಿಯನ್. ನಾವು ಹೊರಟಿದ್ದ ಊರಿಗೆ ಡಚ್ಚರು ಹೋಗೆಬೈಂಟಮ್ ಅಂದರೆ ಇವರು ಹೇಗೆಬೈಂಟಮ್ ಅನ್ನುತ್ತಾರೆ. ಬೋರ್ಡಿನಲ್ಲೂ ನುಡಿಜಗಳ ನೋಡಿ ಸುಮ್ನೆ ಸ್ವಲ್ಪ ಮನೆಯ ನೆನಪಾಯಿತು.

ದೂರದಿಂದಲೇ ಅದು ಕಂಡಿತು. ಸುತ್ತ ರೊಟ್ಟಿ ಹೆಂಚಿನಷ್ಟು ಚಪ್ಪಟೆ ಹೊಲ. ನಡುವೆ ಒಂದು ಗುಬುಟು. ಗುಬುಟಿನ ಮೇಲೆ ಚರ್ಚು, ಅದರ ಗೋಪುರಕ್ಕೆ ನಮ್ಮ ಹೆಂಚಿನ ಮನೆಯ ಹಾಗೆ ಎರಡು ಕಡೆ ಇಳಿಜಾರಿನ ಮಾಡು. ಮೊನಚು ಶಿಖರವಿಲ್ಲ, ಆಡಂಬರವಿಲ್ಲ. ಯಾರೋ ಒಂದು ಮನೆಯನ್ನು ಎತ್ತಿ ಗೋಪುರದ ತಲೆ ಮೇಲೆ ಕೂರಿಸಿದಂತೆ. ಫ್ರೀಸಿಯನ್ ಹಳ್ಳಿಗಳಲ್ಲಿ ಇಂಥ ಮಾಡಿನ ಗೋಪುರಗಳು ಬಹಳ.

ಆ ಗುಬುಟಿಗೆ ಟೆರ್ಪ್ ಅಂತ ಹೆಸರು. ಸಮುದ್ರಕ್ಕೆ ಒಡ್ಡು ಕಟ್ಟುವ ಮೊದಲು, ಅಂದರೆ ಸುಮಾರು ಸಾವಿರ ವರ್ಷದ ಹಿಂದಿನವರೆಗೆ, ಇಲ್ಲಿ ಉಬ್ಬರದ ನೀರು ಒಳಗೆ ಬಂದು ಹೋಗುತ್ತಿತ್ತು. ಜನ ಎತ್ತರ ಮಾಡಿಕೊಂಡು ಬದುಕಬೇಕಿತ್ತು. ಎತ್ತರಕ್ಕೆ ಏನು ಹಾಕಿದರು? ಹುಲ್ಲು ಸಮೇತ ಕಿತ್ತ ಜೇಡಿಮಣ್ಣಿನ ಹೆಂಟೆ, ಕೊಟ್ಟಿಗೆಯ ಸಗಣಿ, ಮನೆಯ ಕಸ, ಒಡೆದ ಮಡಕೆ, ಮೂಳೆ. ಅದರ ಮೇಲೆ ಮತ್ತೆ ಜೇಡಿ ಬಳಿದು ಮನೆ. ನೀರು ಇನ್ನೂ ಮೇಲೆ ಬಂದರೆ ಇನ್ನೊಂದು ಪದರ. ಹೀಗೆ ನೂರಾರು ವರ್ಷ.

ನಾನು ಮಗಳ ಮುಖ ನೋಡಿದೆ. "ಅಂದರೆ ಇದು ತಿಪ್ಪೆ ಕಣೇ."

"ಅಮ್ಮಾ, ಮೆಲ್ಲಗೆ ಹೇಳು" ಅಂದಳು, ಯಾರಿಗೋ ಕನ್ನಡ ಬಂದುಬಿಡುತ್ತದೆ ಅನ್ನುವ ಹಾಗೆ.

ನಾಚಿಕೆ ಯಾಕೆ? ಚಿತ್ರದುರ್ಗದ ಕಡೆ ತಿಪ್ಪೇಸ್ವಾಮಿ, ತಿಪ್ಪಮ್ಮ ಅಂತ ಎಷ್ಟು ಜನ ಇಲ್ಲ! ನಾವು ತಿಪ್ಪೆ ಸಾರಿಸೋದು ಅಂದರೆ ತಪ್ಪು ಮುಚ್ಚಿಹಾಕೋದು. ಇವರು ನಿಜವಾಗಿಯೂ ತಿಪ್ಪೆ ಸಾರಿಸಿ, ಅದರ ಮೇಲೆ ಸಂಸಾರ ಮಾಡಿ, ಕೊನೆಗೆ ದೇವರನ್ನೂ ಕೂರಿಸಿದ್ದಾರೆ.

ಒಂದನೇ ಶತಮಾನದಲ್ಲಿ ಪ್ಲಿನಿ ಎಂಬ ರೋಮನ್ ಈ ಕರಾವಳಿಗೆ ಬಂದಿದ್ದ. ಫ್ರೀಸಿಯನ್ನರ ನೆರೆಯವರಾದ ಚೌಕಿ ಜನ ಇಂಥದೇ ದಿಬ್ಬಗಳ ಮೇಲೆ ಇದ್ದದ್ದನ್ನು ಬರೆದಿಟ್ಟಿದ್ದಾನೆ. ನೀರು ಏರಿದಾಗ ಹಡಗಿನಲ್ಲಿ ಕೂತವರ ಹಾಗೆ, ಇಳಿದಾಗ ಹಡಗು ಒಡೆದವರ ಹಾಗೆ ಕಾಣುತ್ತಾರಂತೆ. ಕುಡಿಯಲು ಮಳೆನೀರು ಬಿಟ್ಟರೆ ಗತಿಯಿಲ್ಲ. ಕೈಯಲ್ಲಿ ಕೆಸರು ಎತ್ತಿ, ಗಾಳಿಗೆ ಒಣಗಿಸಿ, ಅದನ್ನೇ ಉರಿಸಿ ಅಡುಗೆ ಮಾಡುತ್ತಾರೆ. ಆ ಕೆಸರು ಅಂದರೆ ಪೀಟ್, ಕೊಳೆತ ಗಿಡಗಂಟಿಯ ಮಣ್ಣು. ಬೆರಣಿ ತಟ್ಟಿದ ಕೈಗೆ ಇದರಲ್ಲಿ ಆಶ್ಚರ್ಯವೇನಿಲ್ಲ, ಪ್ಲಿನಿಗೆ ಮಾತ್ರ ಕನಿಕರ. ಅವನಿಗೆ ಇನ್ನೊಂದು ಸಂಕಟ. ಇಷ್ಟು ಗತಿಗೆಟ್ಟವರೂ, ರೋಮ್ ತಮ್ಮನ್ನು ಗೆದ್ದರೆ ಅದನ್ನು ಗುಲಾಮಗಿರಿ ಅನ್ನುತ್ತಾರಲ್ಲ ಅಂತ! ಓದಿ ನನಗೆ ಆ ಕೆಸರಿನ ಜನ ತುಂಬಾ ಇಷ್ಟವಾದರು.

ದಿಬ್ಬ ಹತ್ತಲು ಎರಡು ನಿಮಿಷವೂ ಬೇಡ. ಆದರೆ ಬದಿಗಳು ವಿಚಿತ್ರವಾಗಿ ಕಡಿದು. ಅದಕ್ಕೂ ಕಾರಣ ತಿಪ್ಪೆಯೇ. 19ನೇ ಶತಮಾನದಲ್ಲಿ ಯಾರಿಗೋ ಹೊಳೆಯಿತು, ಇಷ್ಟು ವರ್ಷ ಕೊಳೆತ ಮಣ್ಣಿಗಿಂತ ಒಳ್ಳೆಯ ಗೊಬ್ಬರ ಉಂಟಾ? ಟೆರ್ಪ್‌ಗಳನ್ನು ಅಗೆದು, ದೋಣಿಗೆ ತುಂಬಿ, ಕಾಲುವೆಗಳ ಮೇಲೆ ಬಡಕಲು ಮರಳು ನೆಲದ ರೈತರಿಗೆ ಮಾರಿದರು. ಎಷ್ಟೋ ದಿಬ್ಬ ಪೂರ್ತಿ ಕರಗಿಹೋದವು. ಹೇಗೆಬೈಂಟಮ್ಮಿನಲ್ಲೂ 1900ರ ಆಸುಪಾಸಿನಲ್ಲಿ ಸನಿಕೆ ಬಿತ್ತು. ಚರ್ಚು ಮತ್ತು ಸಮಾಧಿಗಳ ಹತ್ತಿರ ಬಂದು ನಿಂತಿತು. ಕೇಕ್ ತಿನ್ನುತ್ತಾ ಬಂದು ನಡುವಿನ ಚೆರ್ರಿಯನ್ನು ಉಳಿಸಿದ ಹಾಗೆ. ಹೀಗೆ ಅರ್ಧ ತಿಂದುಬಿಟ್ಟ ಮೇಲೂ ಇದು ಆ ದೇಶದ ಅತಿ ಎತ್ತರದ ಟೆರ್ಪ್.

ಚರ್ಚಿನ ಗೋಡೆ ಹತ್ತಿರದಿಂದ ನೋಡಿದೆ. 12ನೇ ಶತಮಾನದ್ದು. ಬೂದು, ಅಲ್ಲಲ್ಲಿ ಹಳದಿ. ಮುಟ್ಟಿದರೆ ಒರಟು, ಸಣ್ಣ ಸಣ್ಣ ತೂತು, ಹಳೇ ರಸ್ಕಿನ ಹಾಗೆ. ಇದು ಟಫ್ ಕಲ್ಲು, ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು. ಫ್ರೀಸ್‌ಲಾಂಡಿನ ಮಣ್ಣಿನಲ್ಲಿ ಕಟ್ಟಡಕ್ಕಾಗುವ ಬಂಡೆ ಇಲ್ಲ. ಈ ಕಲ್ಲು ಜರ್ಮನಿಯ ಐಫೆಲ್ ಬೆಟ್ಟಗಳಿಂದ ರೈನ್ ನದಿಯ ಮೇಲೆ ದೋಣಿಯಲ್ಲಿ ಬಂತು. ಹಗುರ, ಗರಗಸದಲ್ಲಿ ಕೊಯ್ಯಬಹುದು. ಅಂತೂ ಬೆಂಕಿಯ ಬೂದಿ ನೀರಿನ ಮೇಲೆ ತೇಲಿ ಬಂದು ಸಗಣಿಯ ಮೇಲೆ ಕೂತಿತು.

ಇಷ್ಟು ದೂರದ ಕಲ್ಲು ಎಲ್ಲರಿಗೂ ಎಟುಕಬೇಕಲ್ಲ. 12ನೇ ಶತಮಾನದ ಕೊನೆಯಿಂದ ಫ್ರೀಸಿಯನ್ನರು ಕಾಲ ಕೆಳಗಿನ ಜೇಡಿಯನ್ನೇ ಸುಟ್ಟು ಇಟ್ಟಿಗೆ ಮಾಡತೊಡಗಿದರು. ಆ ಇಟ್ಟಿಗೆಗಳಿಗೆ ಮಠದ ಹೆಸರೇ ಅಂಟಿದೆ, ಕ್ಲೋಸ್ಟರ್‌ಮೊಪ್ ಅನ್ನುತ್ತಾರೆ. ಸುಮಾರು 30 ಸೆಂಟಿಮೀಟರ್ ಉದ್ದ, 15 ಅಗಲ. ನಮ್ಮ ಗಾರೆಯವನು ನೋಡಿದರೆ ಕೂಲಿ ಜಾಸ್ತಿ ಕೇಳುತ್ತಾನೆ. ಆಮೇಲಿನ ಹಳ್ಳಿ ಚರ್ಚುಗಳೆಲ್ಲ ಹೆಚ್ಚಾಗಿ ಇದರವೇ. ಹಳೆಯ ಟಫ್ ಗೋಡೆಗಳಿಗೂ ಇಟ್ಟಿಗೆಯದೇ ತೇಪೆ.

ಇಂಥ ಹಲವು ಚರ್ಚುಗಳ ಉತ್ತರದ ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು ಇರುತ್ತದೆ, ಸಾಮಾನ್ಯವಾಗಿ ಇಟ್ಟಿಗೆಯಿಂದ ಮುಚ್ಚಿದ್ದು. ಅದರ ಕಥೆ ಚೆನ್ನಾಗಿದೆ. ಉತ್ತರದಿಂದ ಹಡಗಿನಲ್ಲಿ ದಾಳಿಗೆ ಬಂದ ವೈಕಿಂಗರು ಈ ನಾಡು ಆಳಿದಾಗ ಫ್ರೀಸಿಯನ್ನರು ಹೊರಬರುವಾಗ ಉತ್ತರಕ್ಕೆ ತಲೆಬಾಗಬೇಕು ಅಂತ ಹಾಗೆ ಕಟ್ಟಿಸಿದರಂತೆ. ವೈಕಿಂಗರ ಕಾಲ ಮುಗಿದು ನೂರು ವರ್ಷವಾದ ಮೇಲೆ ಈ ಗೋಡೆಗಳು ಎದ್ದದ್ದು ಅನ್ನುವುದು ಬೇರೆ ಮಾತು. ನಿಜ ಸಂಗತಿ ಇಷ್ಟೇ. ಶತಮಾನಗಟ್ಟಲೆ ಸತ್ತವರನ್ನು ಸುತ್ತಲೇ ಹೂತು ಹೂತು ನೆಲ ಏರಿತು, ಬಾಗಿಲು ಗಿಡ್ಡವಾಯಿತು. ಬಾಗಿಸಿದ್ದು ಶತ್ರುಗಳಲ್ಲ, ಮನೆಯ ಹಿರಿಯರು.

ಒಳಗೆ ಹೋದರೆ ಎಲ್ಲ ಬಿಳಿ. 1580ರಲ್ಲಿ ಫ್ರೀಸ್‌ಲಾಂಡ್ ಪ್ರೊಟೆಸ್ಟಂಟ್ ಆಯಿತು. ಚರ್ಚುಗಳಿಂದ ಮೂರ್ತಿಗಳು ಹೊರಗೆ, ಗೋಡೆಯ ಚಿತ್ರಗಳ ಮೇಲೆ ಸುಣ್ಣ. ಮೂರ್ತಿ ಬೇಡ ಅಂದವರು ದೊಡ್ಡ ಮನೆತನದ ಮರ್ಯಾದೆಯನ್ನು ಮಾತ್ರ ಬಿಡಲಿಲ್ಲ. ಇಲ್ಲಿನ ಗೋಡೆಗೆ ಮರದ 16 ಫಲಕಗಳು ನೇತಾಡುತ್ತಿವೆ. ಹಾರ್ಸ್ಟಾ ಅನ್ನುವ ದೊಡ್ಡ ಮನೆಯವರು ಸತ್ತಾಗ ಮಾಡಿಸಿ ಹಾಕಿದ್ದು, 17ನೇ ಶತಮಾನದಿಂದ ಶುರು. ಕುಲದ ಲಾಂಛನ, ತಲೆಬುರುಡೆ, ರೆಕ್ಕೆ ಕಟ್ಟಿದ ಮರಳುಗಡಿಯಾರ. ಸಾವಿನ ಮುಂದೆ ಎಲ್ಲರೂ ಒಂದೇ ಅಂತ ಬುರುಡೆ ಹೇಳುತ್ತದೆ, ಪಕ್ಕದ ಲಾಂಛನ ಹಾಗೇನಿಲ್ಲ ಅನ್ನುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಒಂದು ಸಾದಾ ವಸ್ತು, ಡಚ್ಚರ ಹಳೇ ಚರ್ಚುಗಳಲ್ಲಿ ಬಳಕೆಯಲ್ಲಿದ್ದ ಕಾಲು ಬಿಸಿ ಮಾಡುವ ಪೆಟ್ಟಿಗೆ. ಅದಕ್ಕೆ ಸ್ಟೋಫ್ ಅನ್ನುತ್ತಾರೆ. ಮಣೆಯಷ್ಟು ಮರದ ಡಬ್ಬಿ, ಮೇಲೆ ನಾಲ್ಕೈದು ತೂತು, ಒಳಗೆ ಮಣ್ಣಿನ ಕುಡಿಕೆಯಲ್ಲಿ ಪೀಟಿನ ಕೆಂಡ. ಹೆಂಗಸರು ಅದರ ಮೇಲೆ ಕಾಲಿಟ್ಟು, ಲಂಗ ಇಳಿಬಿಟ್ಟು ಪ್ರವಚನ ಕೇಳುತ್ತಿದ್ದರು. ಪ್ಲಿನಿ ಕನಿಕರಪಟ್ಟ ಅದೇ ಕೆಸರು! ಮಳೆಗಾಲದಲ್ಲಿ ನಮ್ಮಜ್ಜಿ ಅಗ್ಗಿಷ್ಟಿಕೆ ಮುಂದೆ ಕೂತು ಹರಿಕಥೆ ನೆನಪಿಸಿಕೊಳ್ಳುತ್ತಿದ್ದುದೂ ಹೀಗೆಯೇ.

ಪ್ರವಚನ ಉದ್ದವಾದಾಗ ಇಲ್ಲಿನವರಿಗೆ ಇನ್ನೊಂದು ಆಸರೆ ಪೆಪರ್‌ಮಿಂಟು. ಬೆಂಚಿನಿಂದ ಬೆಂಚಿಗೆ ಪೊಟ್ಟಣ ದಾಟುತ್ತದೆ. ದೇಶದ ಹೆಸರಾಂತ ಕಿಂಗ್ ಪೆಪರ್‌ಮಿಂಟು ಹುಟ್ಟಿದ್ದೂ ಫ್ರೀಸ್‌ಲಾಂಡಿನ ಸ್ನೇಕ್ ಪೇಟೆಯಲ್ಲಿ. ಮಗಳ ಚೀಲದಲ್ಲಿ ಒಂದು ಸುರುಳಿ ಇತ್ತು. ಖಾಲಿ ಬೆಂಚಿನಲ್ಲಿ ಕೂತು ಇಬ್ಬರೂ ಒಂದೊಂದು ಚೀಪಿದೆವು. ಈಗ ಭಾನುವಾರ ಬರುವವರು ಕಡಿಮೆ. 1970ರಲ್ಲಿ ಹುಟ್ಟಿದ 'ಆಲ್ಡೆ ಫ್ರಿಸ್ಕೆ ಚೆರ್ಕೆನ್', ಅಂದರೆ ಹಳೆಯ ಫ್ರೀಸಿಯನ್ ಚರ್ಚುಗಳು ಎಂಬ ಸಂಸ್ಥೆ ಇಂಥ ಚರ್ಚುಗಳನ್ನು ವಹಿಸಿಕೊಂಡು ಮಾಡು ಸೋರದ ಹಾಗೆ ನೋಡಿಕೊಳ್ಳುತ್ತದೆ. 50ಕ್ಕಿಂತ ಜಾಸ್ತಿ ಚರ್ಚುಗಳು ಅದರ ಕೈಯಲ್ಲಿವೆ.

ಇಳಿಯುವಾಗ ದಾರಿಯ ಅಂಚಿನಲ್ಲಿ ಮೊಲ ಕೆದರಿದ ಜಾಗ ಕಂಡಿತು. ಕಪ್ಪು, ಜಿಗುಟಿಲ್ಲದ, ಪುಡಿಪುಡಿ ಮಣ್ಣು. ಮಗಳ ಬಾಲ್ಕನಿಯಲ್ಲಿ ಕೊತ್ತಂಬರಿ ಸೊಪ್ಪು ಒಂದು ವಾರದಿಂದ ಹಳದಿಯಾಗಿ ನಿಂತಿದೆ. ಬಗ್ಗಿ ಒಂದು ಹಿಡಿ ಎತ್ತಿ ಕರ್ಚೀಫಿನಲ್ಲಿ ಕಟ್ಟಲು ಹೊರಟೆ.

"ಅಮ್ಮಾ! ಅದು ಸ್ಮಶಾನ!"

ಮೂಸಿ ನೋಡಿದೆ. ಒಳ್ಳೆಯ ಗೊಬ್ಬರದ ವಾಸನೆ. ಸುತ್ತ ಯಾರೂ ಇರಲಿಲ್ಲ. ಒಂದು ಕ್ಷಣ ಯೋಚಿಸಿ, ಎತ್ತಿದ ಜಾಗಕ್ಕೇ ಹಾಕಿ, ಅಂಗೈಯಿಂದ ತಟ್ಟಿ ಸಮ ಮಾಡಿದೆ.