ಇನ್ನೊಂದೆರಡು ಸಾವಿರ

ಅಕ್ಕನ ಮಗ ಒಂದು ಚೀಟಿ ಹಿಡಿದು ಬಂದ. "ಮಾಮ, 45,000ದಲ್ಲಿ ಗೇಮಿಂಗ್ ಪಿಸಿ ಆಗುತ್ತೆ. ಅಮ್ಮನಿಗೆ ನೀನೇ ಹೇಳು." ಚೀಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಮೂರು ಗೆರೆ ಎಳೆದಿದ್ದ. ಎಲ್ಲ ಭಾಗಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಎದುರು ಮಾತ್ರ "ಯಾವುದಾದ್ರೂ" ಅಂತ ಬರೆದಿದ್ದ.

ಶುರು ಮಾಡಿದ್ದು ಐ3 12100ಎಫ್ ಪ್ರೊಸೆಸರಿನಿಂದ. ನಾಲ್ಕು ಕೋರ್, ಸಾಕಲ್ವಾ? ಇನ್ನೊಂದೆರಡು ಸಾವಿರ ಹಾಕಿದರೆ ಆರು ಕೋರಿನ ರೈಜನ್ 5 5600 ಬರುತ್ತದೆ ಎಂದ. ಸರಿ. ಆದರೆ ಅದು ಕೂರುವ ಎಎಂ4 ಸಾಕೆಟ್ ಹಳೇದು, ಎಎಂ5ಗೆ ಹೋಗೋಣ ಎಂದ. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಹೀಗೆ ಎರಡೆರಡು ಸಾವಿರ ಸೇರುತ್ತಾ ಭಾನುವಾರ ಸಂಜೆಗೆ 82,000 ಮುಟ್ಟಿದ್ದೆವು. ಅಕ್ಕ ಚೀಟಿ ನೋಡಿ, "ಇಷ್ಟಕ್ಕೆ ಸ್ಕೂಟರ್ ಬರುತ್ತಲ್ಲೋ" ಎಂದಳು. ವಾಪಸ್ 12100ಎಫ್‌ಗೆ ಬಂದೆವು. ಎಚ್610 ಮದರ್‌ಬೋರ್ಡು, ಎಂಟು ಜಿಬಿಯ ಎರಡು ರ‍್ಯಾಮ್. ಒಂದೇ ಹದಿನಾರರದ್ದು ಹಾಕಿದರೆ ಪ್ರೊಸೆಸರಿಗೆ ಡೇಟಾ ಹೋಗುವ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ. ಕಾರ್ಡು ಆರ್‌ಎಕ್ಸ್ 6600.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಅವನ ಕಣ್ಣು ಬಿದ್ದದ್ದು ಗಾಜಿನ ಬಾಗಿಲಿನ, ಬಣ್ಣಬಣ್ಣದ ಫ್ಯಾನಿನ ಕ್ಯಾಬಿನೆಟ್ ಮೇಲೆ. "ಸರ್, ಇದರ ಜೊತೆ ಎಸ್‌ಎಂಪಿಎಸ್ ಫ್ರೀ" ಎಂದರು ಅಂಗಡಿಯವರು. ಕೈಯಲ್ಲಿ ಹಿಡಿದು ನೋಡಿದೆ. ತೆಂಗಿನಕಾಯಿ ಇದಕ್ಕಿಂತ ಭಾರ ಇರುತ್ತದೆ. ಎಸ್‌ಎಂಪಿಎಸ್ ಅಂದರೆ ಮದುವೆ ಮನೆಯ ಅಡುಗೆ ಭಟ್ಟರಿದ್ದ ಹಾಗೆ. ಚೆನ್ನಾಗಿದ್ದರೆ ಯಾರೂ ಅವರ ಹೆಸರು ಕೇಳುವುದಿಲ್ಲ, ಕೆಟ್ಟರೆ ಊರೆಲ್ಲ ಅದೇ ಮಾತು. ಅದೂ ಪಕ್ಕದ ಮನೆಯ ಮೋಟರ್ ಹಾಕಿದರೆ ನಮ್ಮನೆ ಟ್ಯೂಬ್‌ಲೈಟ್ ಮಿಣುಕುವ ಬೀದಿಯಲ್ಲಿ! ಆರ್‌ಎಕ್ಸ್ 6600ಗೆ 132 ವ್ಯಾಟ್, ಪ್ರೊಸೆಸರಿಗೆ ಜಾಸ್ತಿ ಅಂದರೆ 89. ಎರಡೂ ಸೇರಿ 221. ಒಳ್ಳೆ ಕಂಪನಿಯ 550 ವ್ಯಾಟಿನದು ಧಾರಾಳವಾಯಿತು. ಆ ದುಡ್ಡಿಗೆ ಗಾಜಿನ ಬಾಗಿಲು ಬಲಿಯಾಯಿತು. ಹುಡುಗ ಮೆಟ್ರೋದಲ್ಲಿ ಒಂದು ಮಾತೂ ಆಡಲಿಲ್ಲ.

ಮಂಚದ ಮೇಲೇ ಜೋಡಿಸಿದೆವು. ಪವರ್ ಒತ್ತಿದೆವು, ಫ್ಯಾನ್ ತಿರುಗಿತು, ಮಾನಿಟರಿನಲ್ಲಿ "ನೋ ಸಿಗ್ನಲ್". ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದೆ. ಮತ್ತೆ ಹಾಕಿದೆ. ಊಹೂಂ. ಅರ್ಧ ಗಂಟೆ ಹೀಗೇ ಹೋಯಿತು. ಕಾಫಿ ತಂದ ಅಕ್ಕ ಹಿಂದೆ ಬಗ್ಗಿ ನೋಡಿ, "ಕೆಳಗೆ ಇಂಥದೇ ಇನ್ನೊಂದು ತೂತು ಇದೆಯಲ್ಲ, ಅದಕ್ಕೆ ಚುಚ್ಚಬಾರದಾ?" ಎಂದಳು. ಎಚ್‌ಡಿಎಂಐ ವಯರನ್ನು ಕಾರ್ಡಿಗೆ ಹಾಕುವ ಬದಲು ಬೋರ್ಡಿಗೆ ಹಾಕಿದ್ದೆ. 12100ಎಫ್‌ನ ಆ "ಎಫ್" ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತಲೇ ಅರ್ಥ. ಅಂಗಡಿಯಲ್ಲಿ ಇದನ್ನೇ ಹುಡುಗನಿಗೆ ಹತ್ತು ನಿಮಿಷ ಪಾಠ ಮಾಡಿದ್ದೆ.

ಪರದೆ ಬೆಳಗಿತು. ಎಲ್ಲ ಮುಗಿಯಿತು ಅಂದುಕೊಂಡು ಬೆಡ್‌ಶೀಟ್ ಕೊಡವಿದರೆ ಠಣ್ ಅಂತ ಏನೋ ಬಿತ್ತು. ಬೋರ್ಡಿನ ಪೋರ್ಟುಗಳ ಸುತ್ತ ಕೂರಬೇಕಾದ ತಗಡು. ಅದನ್ನು ಎಲ್ಲಕ್ಕಿಂತ ಮೊದಲು ಹಾಕಬೇಕಿತ್ತು. ಈಗ ಹಾಕಬೇಕೆಂದರೆ ಬೋರ್ಡನ್ನೇ ಪೂರ್ತಿ ಬಿಚ್ಚಬೇಕು. ಹುಡುಗ ನನ್ನ ಮುಖ ನೋಡಿದ. ನಾನು ಕಾಫಿ ಲೋಟ ನೋಡಿದೆ. ಅವನು ತಗಡನ್ನು ಸುಮ್ನೆ ಡ್ರಾಯರಿಗೆ ತಳ್ಳಿದ.